ನೀವು ಅಂದರೆ ಎಷ್ಟು ಜನ

"ನೀವು ಅಂದ್ರೆ ನಂಗೆ ತುಂಬಾ ಇಷ್ಟ" ಎಂದ ಪ್ರಸನ್ನ, ತನ್ನ ಅಂಗಡಿಯಲ್ಲಿ ನನ್ನ ಕನ್ನಡಕವನ್ನು ಒರೆಸುತ್ತ.

"ಎಲ್ಲರಿಗೂ ಇಷ್ಟ. ಥ್ಯಾಂಕ್ಸ್. ನಾಗಮಣಿಗೂ ಹೇಳ್ತೀನಿ" ಎಂದೆ.

ಅವನ ಕೈ ನಿಂತಿತು. ನನ್ನ ಮುಖ ನೋಡಿದ, ಕೈಯಲ್ಲಿದ್ದ ಬಟ್ಟೆ ನೋಡಿದ, ಮತ್ತೆ ಒರೆಸಿದ. ಆ ಗಾಜಿನಲ್ಲಿ ಒರೆಸಲು ಏನೂ ಉಳಿದಿರಲಿಲ್ಲ.

"ಹೇಳಿ" ಎಂದ, ತೀರ ಸಣ್ಣಗೆ.

ಆ ಸಣ್ಣ ದನಿ ನನ್ನನ್ನು ಮನೆಯವರೆಗೂ ಹಿಂಬಾಲಿಸಿತು. ಅದರಲ್ಲೇನಿತ್ತೋ ತಿಳಿಯಲಿಲ್ಲ.

ಮಂಡ್ಯದಲ್ಲಿ ನಮ್ಮನ್ನು ಇಷ್ಟಪಡದವರೇ ಇರಲಿಲ್ಲ. ಇದು ಜಂಬವಲ್ಲ, ಜಂಬವಾದರೂ ನನಗೆ ಬೇಸರವಿಲ್ಲ. ಹನ್ನೊಂದು ವರ್ಷದಿಂದ ಪ್ರತಿ ಸಂಜೆ ಆರಕ್ಕೆ ನಾನೂ ನನ್ನ ಅವಳಿ ನಾಗಮಣಿಯೂ ವಿ.ವಿ. ರಸ್ತೆಯಲ್ಲಿ ನಡೆಯುತ್ತೇವೆ. ಒಂದೇ ಸೀರೆ, ಒಂದೇ ವಾಚು, ಒಂದೇ ಕಪ್ಪು ಫ್ರೇಮಿನ ಕನ್ನಡಕ, ಒಂದೇ ಮುಖ. ಆಟೋದವರು ಹಾರ್ನ್ ಹೊಡೆಯದೆ ಕಾಯುತ್ತಾರೆ. ಕಾಲೇಜು ಹುಡುಗಿಯರು ರೀಲ್ಸ್ ಮಾಡುತ್ತಾರೆ. ಹೊಸ ಬೇಕರಿ ತೆರೆದರೆ ಟೇಪ್ ಕತ್ತರಿಸಲು ನಾವೇ ಆಗಬೇಕು. ತಟ್ಟೆಯಲ್ಲಿ ಎರಡು ಕತ್ತರಿ ಇಟ್ಟಿರುತ್ತಾರೆ.

ನಮ್ಮಜ್ಜಿ ಮರಿತಾಯಮ್ಮ ತನ್ನ ಕಾಲದಲ್ಲಿ ಬೀದಿಯ ಅಂಚು ಹಿಡಿದು, ಚಪ್ಪಲಿ ಕೈಯಲ್ಲಿಟ್ಟುಕೊಂಡು ನಡೆದವಳು. ನಮಗೆ ಕೆಲಸ ಸಿಕ್ಕಾಗ, ನನಗೆ ಭಾರತೀನಗರದ ಕಾಲೇಜೊಂದರ ಲೈಬ್ರರಿಯಲ್ಲಿ, ನಾಗಮಣಿಗೆ ಹೈಸ್ಕೂಲಿನ ಗಣಿತದ ಟೀಚರಾಗಿ, ಅವ್ವ ಕೊಪ್ಪದಿಂದ ಬಸ್ಸಿನಲ್ಲಿ ಬಂದು ಎರಡು ಸೀರೆ ಕೊಟ್ಟಳು. "ಗಂಜಿ ಆಕಿ ಉಟ್ಕಂಡು ರಸ್ತೆ ಮದ್ಯದಲ್ ನಡೀರಮ್ಮ. ನೋಡೋರು ನೋಡ್ಲಿ" ಎಂದಳು. ನಡೆದೆವು. ನೋಡಿದರು.

ಆದರೆ ಊರು ನಮ್ಮನ್ನು ಯಾವಾಗಲೂ ಒಟ್ಟಿಗೇ ಕರೆಯಿತು. ನಮ್ಮ ಕಡೆ ಅತ್ತೆಗೂ 'ನೀನು' ಎನ್ನುತ್ತಾರೆ. ನಮಗೆ ಮಾತ್ರ ತೊಟ್ಟಿಲಿನಿಂದಲೂ 'ನೀವು'. ಉಂಡ್ರಾ, ಬಂದ್ರಾ, ಯಾಕ್ರಮ್ಮ ಅಳ್ತೀರಾ. ಒಬ್ಬಳು ಅತ್ತರೂ ಹಾಗೆಯೇ ಕೇಳುತ್ತಿದ್ದರು. ನಮ್ಮ ಪಾಲಿಗೆ 'ನೀವು' ಮರ್ಯಾದೆಯಲ್ಲ, ಎಣಿಕೆ.

ಆ ಸಂಜೆ ಅಡುಗೆಮನೆಯಲ್ಲಿ ಹೇಳಿದೆ. "ಕನ್ನಡಕದ ಪ್ರಸನ್ನ ನಾವಂದ್ರೆ ಇಷ್ಟ ಅಂದ ಕಣೇ."

ಮುದ್ದೆ ತಿರುವುತ್ತಿದ್ದ ನಾಗಮಣಿ ಕೋಲು ನಿಲ್ಲಿಸಿದಳು. "ನಾವಾ? ಲೇ, ನಾನೊಬ್ಳೇ ಅಂಗಡಿಗ್ ಓದ್ರೆ ಆವಯ್ಯ ತಲೇನೂ ಎತ್ತಲ್ಲ. 'ಅವರು ಬರ್ಲಿಲ್ವಾ' ಅಂತ ಬಾಗ್ಲು ನೋಡ್ತಾನೆ."

"ಬಂದಿರೋದು ನೀನು ಅಂತ ಅವನಿಗೆ ಹೆಂಗ್ ಗೊತ್ತಾಗ್ತದೆ?"

"ನಿನ್ ಕನ್ನಡಕದಲ್ಲಿ ಪವರೇ ಇಲ್ವಲ್ಲೇ!"

ನಿಜ. ಅವಳಿಗೆ ಮೈನಸ್ ಎರಡೂವರೆ. ನನ್ನದು ಬರಿಯ ಗಾಜು. ಅವಳು ಕನ್ನಡಕ ಹಾಕಿದ ದಿನ ನಾನೂ ಹಾಕಿದೆ. ಊರಿನಲ್ಲಿ ಇದು ಗೊತ್ತಿದ್ದವನು ಪ್ರಸನ್ನ ಒಬ್ಬನೇ, ಒಂಬತ್ತು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. "ಏನೂ ತೊಂದರೆಯಿಲ್ಲ, ಆದರೂ ನೋಡೋಣ" ಎಂದು ಆರು ತಿಂಗಳಿಗೊಮ್ಮೆ ನನ್ನನ್ನು ಆ ಎತ್ತರದ ಕುರ್ಚಿಯಲ್ಲಿ ಕೂರಿಸಿ ತೀರ ಕೆಳಗಿನ ಸಾಲನ್ನೂ ಓದಿಸುತ್ತಿದ್ದ. ನಾನು ಓದುವಾಗ ಅವನು ಅಕ್ಷರಗಳನ್ನು ನೋಡುತ್ತಿರಲಿಲ್ಲ.

"ಆವಯ್ಯ ಮಳವಳ್ಳಿ ಮೇಷ್ಟ್ರು ಮಗ" ಎಂದಳು ನಾಗಮಣಿ. "ನಾಯಿಗೂ ಬಹುವಚನ. ಅವನು ನೀವು ಅಂದ್ರೆ ನೀನು ಕಣೇ, ಮಂಕೆ."

ನನ್ನ ಎದೆ ಮೊದಲು ಕುಣಿಯಿತು. ಕೂಡಲೇ ಹೆದರಿತು. "ನಾನೊಬ್ಳು ಹೋದ್ರೆ ನಿನ್ನನ್ನ ಅರ್ಧ ಜೋಡಿ ಅಂತಾರೆ. ನಂಗೆ ಬೇಡ."

"ಅರ್ಧನಾ?" ಅವಳ ದನಿ ಏರಿತು. "ನಾನು ಅರ್ಧನಾ? ಸಾವ್ರ ಮಕ್ಳಿಗೆ ಲೆಕ್ಕ ಕಲ್ಸಿವ್ನಿ. ನಿನ್ ಪಕ್ಕ ನಡೆಯದು ನನ್ನಿಷ್ಟಕ್ಕೆ, ಬೀಳ್ತೀನಿ ಅಂತ ಅಲ್ಲ. ನಾಳೆ ಒಬ್ಳೇ ಓಗು. ನಾನೂ ಒಬ್ಳೇ ಬತ್ತೀನಿ."

ಮರುದಿನ ಹಸಿರು ಸೀರೆ ಉಟ್ಟು ಒಬ್ಬಳೇ ಹೊರಟೆ. ಎಡಗಡೆ ಗಾಳಿ ಹೆಚ್ಚಾಗಿ ಬೀಸುತ್ತಿದೆ ಅನ್ನಿಸಿತು. ಆ ಕಡೆ ಅವಳಿರುತ್ತಿದ್ದಳು. ಆಟೋದವರು ಕತ್ತು ಹೊರಗೆ ಹಾಕಿದರು. ಹೂವಿನ ಚಿಕ್ಕಬೋರಮ್ಮ ಎದ್ದೇ ನಿಂತಳು.

"ಯಾಕ್ರಮ್ಮ, ಉಸಾರಿಲ್ವಾ?"

"ಒಬ್ಳೇ ಇದೀನಿ ಕಣವ್ವ."

"ಅದುನ್ನೇ ಕಣ್ರಮ್ಮ ಕೇಳಿದ್ದು!"

ಅಂಗಡಿಯಲ್ಲಿ ಪ್ರಸನ್ನ ನನ್ನನ್ನು ಕಂಡವನೇ ಎದ್ದ. "ನೀವು..."

"ಎಷ್ಟು ಜನ ಕಾಣ್ತಿದೀವಿ?"

"ಒಬ್ರು."

"ಹಾಗಾದ್ರೆ ನಿನ್ನೆ ಹೇಳಿದ್ದನ್ನ ಒಬ್ಬಳಿಗೆ ಆಗೋ ಹಾಗೆ ಹೇಳಿ."

ನಿನ್ನೆ ಎಲ್ಲಿ ಎಡವಿದನೆಂದು ಅವನಿಗೆ ಆಗ ಹೊಳೆದಿರಬೇಕು. ಹಣೆ ಬೆವೆತಿತು. "ನಮ್ಮನೇಲಿ ತಂಗಿಗೂ ಬಹುವಚನ. ನಾಲಗೆ ಹೊರಳಲ್ಲ."

"ಹೊರಳ್ಲಿ. ಕಾಯ್ತೀನಿ" ಎಂದು ಎತ್ತರದ ಕುರ್ಚಿಯಲ್ಲಿ ಕುಳಿತೆ.

ಅವನ ನೋಟ ನನ್ನ ಹಣೆಗೆ ಬಂತು, ಹುಬ್ಬಿನ ಬಳಿ ತಡವರಿಸಿತು, ಕಣ್ಣಿಗಿಳಿದು ಅಲ್ಲೇ ಉಳಿಯಿತು. ಒಂಬತ್ತು ವರ್ಷ ಕೆಲಸದ ನೆಪದಲ್ಲಿ ನೋಡಿದವನು ಈಗ ನೆಪವಿಲ್ಲದೆ ನೋಡುತ್ತಿದ್ದ. ನಾನೂ ಬಿಡಲಿಲ್ಲ.

"ನೀ..." ಎಂದ. ಉಸಿರೆಳೆದುಕೊಂಡ. "ನೀನು ಅಂದ್ರೆ ನಂಗೆ ಇಷ್ಟ, ಅರುಂಧತಿ. ಕ್ಷಮಿಸಿ."

"ಕ್ಷಮಿಸಿ ಅಂದಿದ್ದು ಯಾರಿಗೆ?"

"ಕ್ಷಮಿಸು."

ಮೂವತ್ತಾರು ವರ್ಷದ ಹೆಣ್ಣು ಕುರ್ಚಿಯಲ್ಲಿ ಕಾಲಾಡಿಸುತ್ತ ನಕ್ಕೆ. "ನಂಗೂ ಇಷ್ಟ. ಆದ್ರೆ ಕೇಳು. ಮದುವೆ ಆದ್ರೂ ಸಂಜೆ ಆರಕ್ಕೆ ನಾನು ಅವಳ ಜೊತೆ ನಡೀತೀನಿ."

"ಬೇಡ ಅಂದ್ರೆ ಮಂಡ್ಯದೋರು ನನ್ನನ್ನ ಬಿಡ್ತಾರಾ?" ಎಂದು ನಕ್ಕ. ಆಮೇಲೆ ನಗು ಬಿಟ್ಟು ಹೇಳಿದ: "ಅವರಿಗೆ ಹೆದರಿ ಅಲ್ಲ. ದಿನಾ ಆರು ಗಂಟೆಗೆ ನಾನೂ ನೋಡೋಕೆ ಬಾಗಿಲಿಗೆ ಬಂದು ನಿಲ್ತೀನಿ. ಅದನ್ನ ನಾನ್ಯಾಕೆ ಕಳ್ಕೊಳ್ಳಲಿ?"

ಹೊರಗೆ ಇದ್ದಕ್ಕಿದ್ದಂತೆ ಸದ್ದು ಕಡಿಮೆಯಾಯಿತು. ಇಬ್ಬರೂ ಬಾಗಿಲಿಗೆ ಬಂದೆವು.

ನಾಗಮಣಿ ಬರುತ್ತಿದ್ದಳು. ಕುಂಕುಮದ ಬಣ್ಣದ ಸೀರೆ. ತಲೆ ಎತ್ತಿ, ನೆರಿಗೆ ಚಿಮ್ಮಿಸುತ್ತ, ಯಾರಿಗೂ ಪಕ್ಕ ಸರಿಯದೆ. ಮಳವಳ್ಳಿಯ ಬಸ್ಸೊಂದು ಅವಳ ಹಿಂದೆ ಅವಳ ವೇಗದಲ್ಲೇ ಬರುತ್ತಿತ್ತು, ಕಿಟಕಿಗಳ ತುಂಬ ಮುಖ. ಅರ್ಧ ಎಂದು ಅವಳನ್ನು ಕರೆಯಲು ಯಾರಿಗೆ ಬಾಯಿ ಬರಬೇಕು?

ಅವಳು ನಡೆದು ಬರುವುದನ್ನು ನಾನು ಎದುರಿನಿಂದ ಎಂದೂ ನೋಡಿರಲಿಲ್ಲ. ಯಾವಾಗಲೂ ಪಕ್ಕದಲ್ಲಿರುತ್ತಿದ್ದೆ. ಊರು ಇಷ್ಟು ವರ್ಷ ನಿಂತು ನೋಡಿದ್ದು ಇದನ್ನು ಎಂದು ಆಗ ತಿಳಿಯಿತು. ಪ್ರಸನ್ನ ನನ್ನ ಕೈ ಹಿಡಿದಿದ್ದಾನೆಂದು ಗೊತ್ತಾದದ್ದು ಆಮೇಲೆ.

ಮೆಟ್ಟಿಲ ಬಳಿ ಪರವೂರಿನ ಹೆಂಗಸೊಬ್ಬಳು ರಸ್ತೆಯಿಂದ ಕಣ್ಣು ಕೀಳದೆ ಕೇಳಿದಳು, "ಯಾರವ್ವ ಅದು?"

"ನನ್ನ ತಂಗಿ" ಎಂದೆ, ಆಚೆ ಬದಿಯ ಅಂಗಡಿಗಳಿಗೂ ಕೇಳುವಂತೆ.