ಲೀಟರಿಗೆ ಎಂಬತ್ತು

ಕಂಪನಿ ಹೇಳಿದ್ದು ಸುಳ್ಳಲ್ಲ ಎಂದು ಗೊತ್ತಾದ ದಿನವೇ ಕಲ್ಮೇಶನಿಗೆ ನಿಜವಾದ ಸಿಟ್ಟು ಬಂದದ್ದು.

ಬೆಳಗಾವಿಯ ವಡಗಾವಿಯಿಂದ ಖಾನಾಪುರಕ್ಕೆ ದಿನಾ ಓಡಾಡುವ ಸರ್ವೇಯರ್ ಅವನು. ಊರವರ ಹೊಲದ ಗಡಿ ಅಳೆದು ಕೊಡುವವನಿಗೇ ಶೋರೂಮಿನವರು ಅಳತೆಯಲ್ಲಿ ಟೋಪಿ ಹಾಕಿದ್ದರು. ಲೀಟರಿಗೆ ಎಂಬತ್ತು ಕಿಲೋಮೀಟರ್ ಎಂದು ಗೋಡೆಯ ಮೇಲೆ ಆಳೆತ್ತರ ಬರೆಸಿದ್ದ ಬೈಕು ಐವತ್ತು ದಾಟುತ್ತಿರಲಿಲ್ಲ. ಕೇಳಲು ಹೋದಾಗಲೆಲ್ಲ ಶೋರೂಮಿನ ಮಾಲೀಕ ಗುರುಪುತ್ರಪ್ಪ ಚಹಾ ತರಿಸಿ, ಗಾಡಿ ಹೊಡೆಯುವ ಕೈಯದೇ ತಪ್ಪು ಎಂದು ನಗುತ್ತಿದ್ದ. ಆ ನಗು ತಡೆಯಲಾರದೆ ಕಲ್ಮೇಶ ಗ್ರಾಹಕರ ವೇದಿಕೆಗೆ ಹೋದ. ಗಾಡಿ ವಾಪಸ್ ತೆಗೆದುಕೊಳ್ಳಬೇಕು, ಐವತ್ತು ಬರುವುದನ್ನು ಎಂಬತ್ತು ಎಂದು ಮಾರಿದ್ದಾಗಿ ಒಪ್ಪಬೇಕು. ಅವನಿಗೆ ಬೇಕಾದದ್ದು ಅಷ್ಟೇ.

ಅಲ್ಲಿ ಕಂಪನಿಯ ವಕೀಲರು ಎಂಬತ್ತರ ಅರ್ಥ ಬಿಡಿಸಿ ಹೇಳಿದರು. ಒಬ್ಬನೇ ಸವಾರ, ಸಮತಟ್ಟಾದ ರಸ್ತೆ, ನಲವತ್ತರ ವೇಗ, ಎಲ್ಲೂ ಬ್ರೇಕಿಲ್ಲ. ಪರೀಕ್ಷೆ ಮಾಡುವುದೇ ಹಾಗಂತೆ. ಕಲ್ಮೇಶ ಹಟಕ್ಕೆ ಬಿದ್ದು ಒಂದು ಮುಂಜಾನೆ ಖಾಲಿ ರಸ್ತೆಯಲ್ಲಿ ಹಾಗೇ ಓಡಿಸಿ ನೋಡಿದ. ಎಪ್ಪತ್ತೊಂಬತ್ತು ಬಂತು! ಹಾಳಾದ ಗಾಡಿಯೂ ಅವರ ಕಡೆಯೇ ಸಾಕ್ಷಿ ಹೇಳಿತ್ತು. ಹಾಗಾದರೆ ಹೆಂಡತಿ, ಮಕ್ಕಳು, ಸಂತೆಯ ಚೀಲ ಇರುವ ಮನುಷ್ಯ ಯಾವ ಗಾಡಿ ಕೊಳ್ಳಬೇಕು? ಅದನ್ನು ಮಾತ್ರ ಯಾರೂ ಹೇಳಲಿಲ್ಲ.

ಅಷ್ಟರಲ್ಲಿ ವೇದಿಕೆಯವರು, ಪಾಲಿಟೆಕ್ನಿಕ್ಕಿನ ಲೆಕ್ಚರರ್ ಭರಮಪ್ಪನವರು ಭಾನುವಾರ ಖಾನಾಪುರ ರಸ್ತೆಯಲ್ಲಿ ಬೈಕನ್ನು ಪರೀಕ್ಷಿಸಲಿ ಎಂದರು. ಓದಿದ ಮನುಷ್ಯ, ಪುಸ್ತಕದ ಪ್ರಕಾರವೇ ಓಡಿಸುತ್ತಾನೆ, ಕೇಸು ಬಿದ್ದಂತೆಯೇ ಎಂದುಕೊಂಡ ಕಲ್ಮೇಶ. ಕಂಪನಿಯವರು ಅಂಕಿಯಲ್ಲಿ ಆಟ ಆಡಿದ್ದರೆ ತಾನೂ ಆಡಬಹುದು. ಇದನ್ನು ಮೋಸ ಎಂದು ಕರೆಯಲು ಅವನ ಮನಸ್ಸು ಒಪ್ಪಲಿಲ್ಲ.

ಪೆಟ್ರೋಲಿಗೆ ಕೈ ಹಚ್ಚುವಂತಿರಲಿಲ್ಲ. ಎಲ್ಲರೆದುರು ಒಂದು ಲೀಟರಿನ ಬಾಟಲಿ ತುಂಬಿ ಹ್ಯಾಂಡಲಿಗೆ ಕಟ್ಟಿ, ಅದರಿಂದಲೇ ಎಂಜಿನ್ನಿಗೆ ಪೈಪು ಕೊಡುತ್ತಾರೆ. ಉಳಿದದ್ದು ಕಾರ್ಬೊರೇಟರು ಮತ್ತು ಚಕ್ರ. ಪೆಟ್ರೋಲು ಹಾಯುವ ಸಣ್ಣ ತೂತನ್ನು ಸೂಜಿಯಿಂದ ಕೂದಲೆಳೆಯಷ್ಟು ದೊಡ್ಡದು ಮಾಡಿದ. ಹಿಂದಿನ ಬ್ರೇಕಿನ ನಟ್ಟನ್ನು ತುಸುವೇ ಬಿಗಿದ. ನಟ್ಟು ತಿರುವಿದ ಪಾನಾದ ಗುರುತು ಕಾಣದಂತೆ ಎಣ್ಣೆ, ಧೂಳು ಸವರಿದ. ಮತ್ತೆ ಒಬ್ಬನೇ ನಲವತ್ತರಲ್ಲಿ ಓಡಿಸಿದಾಗ ಸರಿಯಾಗಿ ಐವತ್ತು ಬಂತು. ದೂರಿನಲ್ಲಿ ಬರೆದದ್ದೂ ಐವತ್ತೇ. ಇಷ್ಟು ಅಚ್ಚುಕಟ್ಟಾದ ಕೆಲಸಕ್ಕೆ ಶಭಾಷ್ ಎನ್ನುವವರಿಲ್ಲವಲ್ಲ ಎಂದು ಬೇಜಾರೂ ಆಯಿತು.

ಭಾನುವಾರ ಮೂರನೇ ರೈಲ್ವೆ ಗೇಟಿನ ಹತ್ತಿರ ಬಾಟಲಿ ತುಂಬಿ ಸೀಲು ಮಾಡಿದ ಮೇಲೆ ಭರಮಪ್ಪನವರು ಹಿಂದೆ ತಿರುಗಿ ಹೆಂಡತಿಯನ್ನು ಕರೆದರು. ರಿಕ್ಷಾದಿಂದ ಪ್ರಮಿಳಾಬಾಯಿ ಒಂದು ಭಾರದ ಚೀಲದೊಂದಿಗೆ ಇಳಿದು ಬಂದರು. ಖಾನಾಪುರದಾಚೆಯ ಪಾರಿಶ್ವಾಡದ ತವರಿಗೆ ಹೊರಟಿದ್ದರು. ಗುರುಪುತ್ರಪ್ಪ ಒಬ್ಬನೇ ಸವಾರ ಎಂಬ ಕಂಪನಿಯ ನಿಯಮ ಎತ್ತಿದ.

"ನಮ್ಮ ಕಡೆ ಒಬ್ಬೊಬ್ಬರ ಯಾರು ಗಾಡಿ ಹೊಡಿತಾರ್ರಿ?" ಎಂದರು ಭರಮಪ್ಪ. "ಮಂದಿ ಹೆಂಗ ಹೊಡಿತಾರೋ ಹಂಗ ಹೊಡದು ನೋಡ್ತೀನಿ."

ಕಲ್ಮೇಶ ಹಿಂದಿನ ಚಕ್ರದ ಕಡೆ ನೋಡಿದ. ಹೀಗೆ ಓಡಿಸುತ್ತಾರೆಂದು ಗೊತ್ತಿದ್ದರೆ ಗಾಡಿಯನ್ನು ಮುಟ್ಟುತ್ತಲೇ ಇರಲಿಲ್ಲ. ಭರಮಪ್ಪನವರನ್ನು ಮೊದಲೇ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು, ಕೇಳಲಿಲ್ಲ. ಬ್ರೇಕನ್ನಾದರೂ ಸಡಿಲಿಸೋಣವೆಂದರೆ ಬೈಕು ಹೊರಟೇಬಿಟ್ಟಿತು. ಗುರುಪುತ್ರಪ್ಪನ ಜೀಪಿನಲ್ಲಿ ಕೂತು ಹಿಂದೆ ಹೋಗುವುದೊಂದೇ ಉಳಿಯಿತು. ಇರಲಿ, ಮೈಲೇಜು ಕಡಿಮೆ ಬಂದಷ್ಟೂ ತನಗೇ ಒಳ್ಳೆಯದು ಎಂದು ಧೈರ್ಯ ತಂದುಕೊಂಡ.

ಖಾನಾಪುರ ಕಣ್ಣಿಗೆ ಕಾಣುವಷ್ಟರಲ್ಲಿ ಬಾಟಲಿ ಖಾಲಿಯಾಗಿ ಬೈಕು ನಿಂತಿತು. ಏನೋ ಸುಟ್ಟ ವಾಸನೆ ಎಂದು ಪ್ರಮಿಳಾಬಾಯಿ ಮೂಗಿಗೆ ಸೆರಗು ಹಿಡಿದರು. ಭರಮಪ್ಪನವರು ಮೀಟರು ನೋಡಿದರು, ಕುಕ್ಕರಗಾಲಲ್ಲಿ ಕೂತು ಹಿಂದಿನ ಚಕ್ರದ ನಡುವೆ ಕೈಯಿಟ್ಟು ಥಟ್ಟನೆ ತೆಗೆದರು. "ನಮ್ಮ ಮನ್ಯಾಗೂ ಇದೇ ಕಂಪನಿದು, ಇದೇ ಗಾಡಿ ಐತ್ರಿ ಕಲ್ಮೇಶ. ನಿನ್ನೆ ಇದೇ ದಾರ್ಯಾಗ ಹಿಂಗೇ ಇಬ್ಬರೂ ಕುಂತು ನೋಡೇವಿ, ಐವತ್ತರ ಹತ್ತಿರ ಬಂತು. ನೀವು ಹೇಳಿದ್ದು ಖರೇ ಅಂತ ಬರಿಯಾಂವ ಇದ್ದೆ. ನಿಮ್ಮದು ಅದರ ಅರ್ಧಾ ಹೆಂಗಾತು? ಈಗ ಬಿಚ್ಚಿ ನೋಡಬೇಕಾಗೇತಿ."