ಅಜ್ಜ ಹಾಗೆ ಅಂದಿರಲಿಲ್ಲ

“ನಾ ಯಾಕ ಚಿಂತಿ ಮಾಡ್ಲಿ? ದೀಪಾವಳಿಯೊಳಗ ಯುದ್ಧ ಮುಗೀತೈತಿ ಅಂತ ನಿಮ್ಮ ಅಜ್ಜನಽ ಅಂದಾನಂತಲ್ಲ!”

ಮಂಜವ್ವ ನಗುತ್ತಲೇ ರೊಟ್ಟಿಯ ಗಂಟು ಕಟ್ಟುತ್ತಿದ್ದಳು. ಅವಳ ಮಗಳು, ತನ್ನ ಗೆಳತಿ ಸರೋಜಳನ್ನು ಕರೆಯಲು ಬಂದ ಗೌಹರ ಬಾಗಿಲಲ್ಲೇ ನಿಂತುಬಿಟ್ಟಳು. ಸರೋಜಳ ಅಣ್ಣ ಒಳಗೆಲ್ಲೂ ಕಾಣಲಿಲ್ಲ.

“ಉಳಿವೆಪ್ಪಣ್ಣ ಎಲ್ಲಿ, ಚಿಗವ್ವಾ?”

“ದೊಡ್ಡ ಹುಣಸಿಮರದ ಕೆಳಗ. ದಂಡಿಗೆ ಹೆಸರು ಬರಸಾಕ ಹೋಗ್ಯಾನ.”

ಗೌಹರ ಓಡಿದಳು.

ಅದು ೧೯೪೧ರ ಇಸವಿ. ಎಲ್ಲೋ ದೂರದಲ್ಲಿ ಜರ್ಮನಿ ಯುದ್ಧ ನಡೆದಿತ್ತು. ದಂಡಿಗೆ ಜನ ಬೇಕೆಂದು ಹೋದ ವಾರ ಒಬ್ಬ ಸಾಹೇಬ ಸವಣೂರಿಗೆ ಬಂದಿದ್ದ. ತಗಡಿನ ತುತ್ತೂರಿ ಹಿಡಿದು, “ದೀಪಾವಳಿಗೆ ಯುದ್ಧ ಖಲಾಸ್! ಹೋಗಿ ಬರ್ರಿ!” ಎಂದು ಕೂಗಿದ. ಅವನ ದನಿ ಊರ ಅಗಸಿ ಬಾಗಿಲವರೆಗೂ ಕೇಳಿಸಿತು. ಆದರೆ ಒಬ್ಬನೂ ಎದ್ದು ಬರಲಿಲ್ಲ.

ಮರುದಿನ ಶಾಲೆಯಲ್ಲಿ ಹುಡುಗಿಯರು, ಇದು ಖರೆಯೋ ಸುಳ್ಳೋ ಎಂದು ಜಗಳಾಡುತ್ತಿದ್ದರು. ಗೌಹರಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಿಟ್ಟು ಬಂದು ಅವಳು ಅಂದುಬಿಟ್ಟಳು: “ನಮ್ಮ ಅಜ್ಜಾನೂ ಹಂಗಽ ಅಂದಾನ!”

ಎಲ್ಲರೂ ತಿರುಗಿ ನೋಡಿದರು. ಗೌಹರಳಿಗೆ ಭಾಳ ಖುಷಿಯಾಯಿತು. ಅಷ್ಟೇ.

ಅವಳ ಅಜ್ಜ ಖಾದರಸಾಬ ಹಿಂದಿನ ಜರ್ಮನಿ ಯುದ್ಧದಲ್ಲಿ ದಂಡಿನೊಡನೆ ಕಡಲಾಚೆಯ ಬಸ್ರಾಕ್ಕೆ ಹೋಗಿ ಬಂದವನು. ಈಗ ವೀಳ್ಯದೆಲೆ ಬೆಳೆದು ಮಾರುತ್ತಿದ್ದ. ಸಂತೆಯಲ್ಲಿ ಬೇರೆಯವರ ಎಲೆಕಟ್ಟನ್ನು ಜನ ಬಿಚ್ಚಿ ಎಣಿಸುತ್ತಿದ್ದರು. ಖಾದರಸಾಬನ ಕಟ್ಟನ್ನು ಯಾರೂ ಬಿಚ್ಚುತ್ತಿರಲಿಲ್ಲ. ಅವನು ನೂರು ಅಂದರೆ ನೂರೇ.

ಮರದ ಕೆಳಗೆ ಸಾಲು ನಿಂತಿತ್ತು. ಹದಿಮೂರು ಮಂದಿ! ಸಾಹೇಬ ತುತ್ತೂರಿಯಲ್ಲಿ ಕೂಗಿದರೂ ಬಾರದವರು, ತಾನು ಶಾಲೆಯ ಮೂಲೆಯಲ್ಲಿ ಆಡಿದ ಒಂದು ಮಾತಿಗೆ ಬಂದು ನಿಂತಿದ್ದಾರೆ. ಇಷ್ಟು ಎತ್ತರದ ಗಂಡಸರನ್ನು ಅಷ್ಟು ಸಣ್ಣ ಮಾತು ಇಲ್ಲಿಗೆ ಎಳೆದು ತಂದಿತೇ?

ಅಲ್ಲಿಂದ ಅವಳು ಉಸಿರು ಕಟ್ಟಿ ಎಲೆತೋಟಕ್ಕೆ ಓಡಿದಳು.

“ಅಜ್ಜಾ, ನಾ ಸುಳ್ಳು ಹೇಳೇನಿ. ನಿನ್ನ ಹೆಸರ ಮ್ಯಾಲ.”

ಅಜ್ಜ ಪೂರ್ತಿ ಕೇಳಿದ. ಕೈಯಲ್ಲಿದ್ದ ಎಲೆಗಳನ್ನು ಕೆಳಗಿಟ್ಟ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು ಅವಳಿಗೆ.

“ಈಗ ಯಾರು ಹೇಳೂದು? ನಾನೋ, ನೀನೋ?”

“ನೀನಽ ಹೇಳು ಅಜ್ಜಾ. ನನ್ನ ಮಾತು ಯಾರು ನಂಬ್ತಾರ?”

“ಸುಳ್ಳು ನಂಬ್ಯಾರಲ್ಲ. ಖರೇನೂ ನಂಬ್ತಾರ. ನಡಿ.”

ಅವರು ಬಂದಾಗ ಸಾಹೇಬ ಟೇಪು ಹಿಡಿದು ಉಳಿವೆಪ್ಪನ ಎದೆ ಅಳೆಯುತ್ತಿದ್ದ. ಗೌಹರ ಅಜ್ಜನ ಬೆರಳು ಬಿಟ್ಟು ಮುಂದೆ ಹೋದಳು.

“ಯುದ್ಧ ಮುಗೀತೈತಿ ಅಂತ ನಮ್ಮ ಅಜ್ಜ ಅಂದಿಲ್ರಿ. ಅದು ನಾ ಹುಟ್ಟಿಸಿ ಹೇಳಿದ್ದು.”

ಸಾಹೇಬ ನಕ್ಕ. “ಕೂಸಿನ ಮಾತು ಏನು ಕೇಳ್ತೀರಿ? ನಾ ಹೇಳಾಕತ್ತೇನಲ್ಲ!”

ಅವನ ಕಡೆ ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಖಾದರಸಾಬನ ಮೇಲಿತ್ತು. ಅವನ ದನಿ ಎಷ್ಟು ಸಣ್ಣದೆಂದರೆ, ಕೇಳಲು ಎಲ್ಲರೂ ಹತ್ತಿರ ಸರಿಯಬೇಕಾಯಿತು.

“ಯುದ್ಧ ಯಾವಾಗ ಮುಗೀತೈತಿ ನನಗ ಗೊತ್ತಿಲ್ಲ. ನಾವು ಬಸ್ರಾಕ ಹೋಗೂ ಮುಂದ ನಮಗೂ ಹಿಂಗಽ ಅಂದಿದ್ರು, ಹಬ್ಬಕ್ಕ ಬರ್ತೀರಿ ಅಂತ. ನಾ ಬಂದದ್ದು ನಾಕು ವರ್ಷಕ್ಕ. ನನ್ನ ಜೋಡಿ ಹೋದ ಕರೀಮಸಾಬ, ಅಜ್ಜಪ್ಪ ಇಬ್ಬರೂ ಬರಲೇ ಇಲ್ಲ. ನಾ ಕಂಡದ್ದು ಇಷ್ಟ. ಹೋಗ್ರಿ ಅನ್ನಂಗಿಲ್ಲ, ಬ್ಯಾಡ ಅನ್ನಂಗಿಲ್ಲ.”

ಆಮೇಲೆ ಒಬ್ಬ ಬಗ್ಗಿ ತನ್ನ ರುಮಾಲು ಎತ್ತಿಕೊಂಡ. ಇನ್ನೊಬ್ಬ ಸಾಲು ಬಿಟ್ಟ. ಉಳಿವೆಪ್ಪ ಅಂಗಿ ತೊಟ್ಟುಕೊಂಡ. ನೋಡುನೋಡುತ್ತಿದ್ದಂತೆ ಸಾಲಿನಲ್ಲಿ ಇಬ್ಬರೇ ಉಳಿದರು. ಅವರಲ್ಲೊಬ್ಬ, “ನಾ ಗೊತ್ತಿದ್ದಽ ಹೊಂಟೇನ್ರಿ, ಖಾದರಸಾಬರ,” ಎಂದ. ಅಜ್ಜ ಅವನ ಭುಜ ಮುಟ್ಟಿದ.

ಸಾಹೇಬ ಮತ್ತೆ ತುತ್ತೂರಿ ಎತ್ತಿಕೊಂಡು ಕೂಗತೊಡಗಿದ.

ಗೌಹರ ತಿರುಗಿದಳು. ಎದುರಿಗೆ ಮಂಜವ್ವ! ರೊಟ್ಟಿಯ ಗಂಟು ಹಿಡಿದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಈಗ ಕಪಾಳಕ್ಕೆ ಬಿತ್ತು ಎಂದು ಗೌಹರ ಕಣ್ಣು ಮುಚ್ಚಿದಳು.

“ಬ್ಯಾರೆ ಏನರ ಸುಳ್ಳು ಹೇಳಿಯೇನು? ಇದೊಂದಽ ಏನು?”

“ಇದೊಂದಽ, ಚಿಗವ್ವಾ.”

ಮಂಜವ್ವ ಅವಳ ಮುಖವನ್ನೇ ನೋಡಿದಳು. “ಆತು,” ಎಂದಳು. ಮಗನ ಕೈ ಗಟ್ಟಿಯಾಗಿ ಹಿಡಿದು ಮನೆ ಕಡೆ ನಡೆದಳು.

ಅಜ್ಜನನ್ನು ಕೇಳಲಿಲ್ಲ. ಯಾರನ್ನೂ ಕೇಳಲಿಲ್ಲ. ಗೌಹರಳ ಮಾತನ್ನು ಹಾಗೆಯೇ ನಂಬಿ ಹೋಗಿಬಿಟ್ಟಳು.

ಗೌಹರ ಅಲ್ಲೇ ನಿಂತು, ವಾರವಿಡೀ ತಾನು ಆಡಿದ ಮಾತುಗಳನ್ನೆಲ್ಲ ಗಾಬರಿಯಿಂದ ಒಂದೊಂದಾಗಿ ನೆನಪಿಸಿಕೊಂಡಳು. ಸುಳ್ಳು ಇದೊಂದೇ ಹೌದೋ, ಅಲ್ಲವೋ ಎಂದು.