ಎಂಟನೇ ಕ್ಲಾಸಿನ ನಾಟಕದ ಗಂಡ

ನಾಟಕದ ಆ ಮೂರು ಮೂಲೆಯ ಟೋಪಿ ಗಿರಿಧರನಿಗೆ ಚೆನ್ನಾಗಿ ಒಪ್ಪುತ್ತಿತ್ತು. ಅದು ನನ್ನ ಗ್ರಹಚಾರ.

ಗಲ್ಫಿನ ಅಬು ಹಮೂರಿನ ಅಮೆರಿಕನ್ ಸಿಲಬಸ್ ಶಾಲೆಯೊಂದರಲ್ಲಿ ನಾನು ಹಿಸ್ಟರಿ ಟೀಚರ್. 2007ರಲ್ಲಿ ಎಂಟನೇ ಕ್ಲಾಸಿಗೆ ಬ್ರಿಟಿಷರ ಕಾಲದ ಅಮೆರಿಕದ ಪಾಠ ನಡೆದಿತ್ತು: ಮನೆಯಲ್ಲೇ ಮೇಣದಬತ್ತಿ ಮಾಡುವ ಹೆಂಗಸರು, ಏಳು ವರ್ಷದ ಕರಾರಿನ ಆಳುಗಳು, ಮದುವೆಯಾದ ಕೂಡಲೇ ಸಹಿ ಹಾಕುವ ಹಕ್ಕನ್ನೂ ಕಳೆದುಕೊಳ್ಳುವ ಹೆಂಡತಿ. ಅದನ್ನೇ ಪುಟ್ಟ ನಾಟಕ ಮಾಡಿದ್ದೆ. ಗಂಡನ ಪಾತ್ರಕ್ಕೆ ದೊಡ್ಡವರು ಬೇಕೆಂದಾಗ ನಮ್ಮ ಶಾಲೆಯ ಎಚ್‌ಆರ್‌ ವಿಭಾಗದ ಗಿರಿಧರ ತಾನಾಗಿಯೇ ಬಂದ. ಮೈಸೂರಿನಲ್ಲಿ ಮನೆಯವರು ನಮ್ಮಿಬ್ಬರ ನಿಶ್ಚಿತಾರ್ಥಕ್ಕೆ ದಿನ ನೋಡುತ್ತಿದ್ದರು.

"ಇವಳ ಪರವಾಗಿ ನಾನೇ ಸಹಿ ಹಾಕುತ್ತೇನೆ," ಎಂದು ರಿಹರ್ಸಲಿನಲ್ಲಿ ಡೈಲಾಗ್ ಒಪ್ಪಿಸಿ, ಟೋಪಿಯಂಚಿನ ಕೆಳಗಿಂದ ನನ್ನನ್ನೇ ನೋಡಿದ.

"ನಗ್ತಾ ಹೇಳ್ಬೇಡ. ಆ ಗಂಡ ಒಳ್ಳೆಯವನಲ್ಲ."

"ಪಾಪ ಕಣೆ, ಹೆಂಡ್ತಿ ಮೇಲೆ ಪ್ರೀತಿ ಜಾಸ್ತಿ ಅವನಿಗೆ."

ಕೆನ್ನೆ ಬಿಸಿಯಾಯಿತು. ಸ್ಕ್ರಿಪ್ಟನ್ನು ಮುಖಕ್ಕೆ ಅಡ್ಡ ಹಿಡಿದೆ.

ಅದಕ್ಕೂ ಮೊದಲು ಅಲ್ ಗರಾಫಾದ ಕಾಲೇಜೊಂದು ನನಗೆ ಲೆಕ್ಚರರ್ ಕೆಲಸ ಕೊಡಲು ಒಪ್ಪಿತ್ತು. ಅದು ನನ್ನ ಬಹಳ ವರ್ಷಗಳ ಆಸೆ. ಆದರೆ ನಮ್ಮ ಶಾಲೆಯ ಅರಬಿ ಮಾಲೀಕ, ಬಿಟ್ಟುಕೊಡಲು ಅಭ್ಯಂತರವಿಲ್ಲವೆಂಬ ಎನ್‌ಒಸಿ ಪತ್ರಕ್ಕೆ ಸಹಿ ಹಾಕದೆ ಹೋಗುವಂತಿರಲಿಲ್ಲ. ಅರ್ಜಿಯನ್ನು ಗಿರಿಯ ಕೈಗೇ ಕೊಟ್ಟು ನಾಲ್ಕು ತಿಂಗಳು ಕಾದೆ. ಕಾಲೇಜು ಬೇರೆಯವರನ್ನು ತೆಗೆದುಕೊಂಡ ದಿನ ಗಿರಿ ಕಾರಿನಲ್ಲಿ ನನ್ನ ಕೈ ಹಿಡಿದು, "ಅರಬಿ ಒಪ್ಲಿಲ್ಲ ಪ್ರಾರ್ಥನಾ, ಮೂರು ಸಲ ಕೇಳ್ದೆ," ಎಂದಿದ್ದ. ಅವನ ಭುಜಕ್ಕೆ ಒರಗಿ ಅತ್ತಿದ್ದೆ.

ನಾಟಕದ ಹಿಂದಿನ ದಿನ, ಶಾಲೆಯ ವೀಸಾ ಕೆಲಸಕ್ಕೆ ಓಡಾಡುವ ಪಕೀರಬ್ಬ ನನ್ನ ಫೈಲು ಹಿಡಿದು ಸ್ಟಾಫ್ ರೂಮಿಗೆ ಬಂದರು.

"ನೀವು ಇಲ್ಲೇ ಉಳಿದದ್ದು ಒಳ್ಳೇದಾಯ್ತು ಮಾರಾಯ್ರೆ. ಅರಬಿ ಕೇಳಿದ ದಿನವೇ ಸಹಿ ಹಾಕಿದ್ರು. ಮತ್ತೆ ನೀವೇ ಬೇಡ ಅಂದ್ರಂತಲ್ಲ?"

ಫೈಲಿನಲ್ಲಿ ಎನ್‌ಒಸಿ ಇತ್ತು, ಸೀಲಿನ ಸಮೇತ. ಅದರ ಹಿಂದೆ ಒಂದು ಚೀಟಿ: ಟೀಚರ್ ಅರ್ಜಿ ವಾಪಸ್ ಪಡೆದಿದ್ದಾರೆ. ಟೀಚರ್ ಪರವಾಗಿ, ಗಿರಿಧರ್.

ಎರಡನ್ನೂ ಅವನ ಮೇಜಿನ ಮೇಲಿಟ್ಟೆ. ಟೋಪಿ ಅಲ್ಲೇ ಪಕ್ಕದಲ್ಲಿತ್ತು.

"ನೀನು ಹೋಗಿದ್ರೆ ದಿನಾ ನೋಡೋದು ಹೇಗೆ?" ಅವನ ದನಿ ಒಡೆಯಿತು. "ಮದುವೆ ಆದ್ಮೇಲೆ ನಿನ್ನ ವೀಸಾ ನನ್ನ ಸ್ಪಾನ್ಸರ್‌ಶಿಪ್‌ಗೆ ಬರುತ್ತಲ್ಲ. ಆಗ ಎಲ್ಲಿ ಬೇಕಾದ್ರೂ ಕೆಲ್ಸ ಮಾಡು."

"ಆಗ ಎನ್‌ಒಸಿ ಕೊಡೋರು ಯಾರು?"

ಅವನ ಕಣ್ಣು ತುಂಬಿತ್ತು. ನನ್ನನ್ನು ಪ್ರೀತಿಸಿದ್ದು ಸುಳ್ಳಲ್ಲ, ನನಗೆ ಸಂಕಟವಾದದ್ದೇ ಅದಕ್ಕೆ. ಬರೀ ಮೋಸಗಾರನಾಗಿದ್ದರೆ ಬೈದು ಹೋಗಬಹುದಿತ್ತು. ಈ ಮುಖವನ್ನು ಇನ್ನೂ ಮುದ್ದಿಸಬೇಕು ಎನಿಸುತ್ತಿರುವಾಗಲೇ ಬಿಟ್ಟು ಹೋಗಬೇಕಾಗಿತ್ತು.

ರಾಜೀನಾಮೆ ಕೊಟ್ಟೆ. ದೇಶ ಬಿಡಲು ಬೇಕಾದ ಎಕ್ಸಿಟ್ ಪರ್ಮಿಟ್ ಫಾರಂ ಕೇಳಿದಾಗ, ಅಭ್ಯಾಸಬಲದಿಂದ ಅವನೇ ಪೆನ್ನು ತೆಗೆದು ನನ್ನ ಹೆಸರು ಬರೆಯಲು ಹೊರಟ.

"ಕೊಡು ಇಲ್ಲಿ," ಎಂದೆ.

ವಾಪಸ್ ಬರುವ ತಾರೀಕಿನ ಜಾಗದಲ್ಲಿ ಗೆರೆ ಎಳೆದು, ಕೆಳಗೆ ಸಹಿ ಹಾಕಿದೆ. ಅವಸರಕ್ಕೆ ಅದು ನನ್ನ ಸಹಿಯ ಹಾಗೆ ಕಾಣಲಿಲ್ಲ. ಆದರೆ ಹಾಕಿದವಳು ನಾನೇ.